ಉಡುಪಿ ಕಡೆಯ ಸ್ನೇಹಾ ಕ್ಲಿನಿಕ್: ಮಕ್ಕಳನ್ನು ಕಳಿಸುವ ಮುಂಚೆ

ಸರ್ಕಾರಿ ಆಸ್ಪತ್ರೆಗಳ ಸ್ನೇಹಾ ಕ್ಲಿನಿಕ್ 10ರಿಂದ 19 ವರ್ಷದವರಿಗೆ ಉಚಿತ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ. ರಕ್ತಹೀನತೆ, ಮುಟ್ಟಿನ ತೊಂದರೆ, ನಿದ್ದೆ ಬಾರದಿರುವುದು, ಪರೀಕ್ಷೆಯ ಭಯ, ಗುಟ್ಕಾ ಚಟ ಎಲ್ಲಕ್ಕೂ ಇಲ್ಲಿ ಸಲಹೆ ಸಿಗುತ್ತದೆ. ಹಾಸ್ಟೆಲ್ ಮಕ್ಕಳನ್ನು ಧೈರ್ಯವಾಗಿ ಕಳಿಸಿ.

12 ವರ್ಷ ತುಂಬಿದ ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. 15 ದಾಟಿದ ಹುಡುಗರಿಗೆ ಈ ಗಡಿ 13. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ತಡೆಗಟ್ಟಲಿಕ್ಕೆ ಮಾತ್ರ. ರಕ್ತ ಆಗಲೇ ಕಡಿಮೆಯಾಗಿದ್ದರೆ ಅದು ಸಾಲದು, ವೈದ್ಯರು ಹೇಳಿದಷ್ಟನ್ನು ದಿನವೂ ನುಂಗಬೇಕು, ಸಾಮಾನ್ಯವಾಗಿ ಮೂರು ತಿಂಗಳು. ಎಷ್ಟೋ ಮಕ್ಕಳು ನಡುವೆಯೇ ಬಿಟ್ಟುಬಿಡುತ್ತಾರೆ. ಬರೀ ಹೊಟ್ಟೆಗೆ ನುಂಗಿ ವಾಕರಿಕೆ ಬರುತ್ತದೆ, ಮಲ ಕಪ್ಪಾದದ್ದು ಕಂಡು ಹೆದರಿಕೆಯಾಗುತ್ತದೆ. ಕಪ್ಪಾಗುವುದು ಕಬ್ಬಿಣದಿಂದ, ಅಪಾಯವಿಲ್ಲ. ಮಧ್ಯಾಹ್ನದ ಗಂಜಿಯೂಟ ಆದ ಮೇಲೆ ನುಂಗಿ, ಒಂದು ಗಂಟೆ ಚಾ ಮುಟ್ಟದಿದ್ದರೆ ಸಾಕು. ಲಿಂಬೆ ಪಾನಕ ಕುಡಿದರೆ ಇನ್ನೂ ಒಳ್ಳೆಯದು, ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಚೀಟಿಯ ಹಿಂದೆ ಇಷ್ಟು ಬರೆದುಕೊಡುವ ಕ್ಲಿನಿಕ್‌ಗೆ ನಮ್ಮ ಪೂರ್ತಿ ಅಂಕ.

ಆದರೆ ಸೇವೆಯ ಜೀವ ಇರುವುದು ಆಪ್ತ ಸಮಾಲೋಚಕಿಯ ಕೋಣೆಯಲ್ಲಿ. ಅಮ್ಮ ಪಕ್ಕದಲ್ಲಿ ಕೂತಿದ್ದರೆ ಮಗು ತಲೆನೋವು, ಹೊಟ್ಟೆನೋವು ಅಂದಷ್ಟೇ ಹೇಳುತ್ತದೆ. ಮೊದಲ ಹತ್ತು ನಿಮಿಷ ಜೊತೆಗಿದ್ದು, ಆಮೇಲೆ ನೀವಾಗಿಯೇ ಎದ್ದು ಹೊರಗೆ ಹೋಗಿ. ಒಳ್ಳೆಯ ಸಮಾಲೋಚಕಿ ಮೊದಲೇ ಮಗುವಿಗೆ ಹೇಳಿಬಿಡುತ್ತಾರೆ: ‘ನೀನು ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತದೆ. ಜೀವಕ್ಕೆ ಅಪಾಯ ಅಥವಾ ಯಾರಾದರೂ ಕೆಟ್ಟದಾಗಿ ಮುಟ್ಟಿದ ಸಂಗತಿಯಾದರೆ ಮಾತ್ರ ನಾನು ಬೇರೆಯವರಿಗೆ ತಿಳಿಸಬೇಕಾಗುತ್ತದೆ.’ 18ರೊಳಗಿನ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯವನ್ನು ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಕಡ್ಡಾಯ. ಇದನ್ನು ಮುಂಚೆ ಹೇಳದೆ ಆಮೇಲೆ ಬಾಯಿಬಿಟ್ಟರೆ ಮಗು ಮತ್ತೆ ಆ ಕಡೆ ತಲೆಹಾಕುವುದಿಲ್ಲ.

ಕೆಡುವುದು ಚೀಟಿ ಮಾಡಿಸುವಲ್ಲಿ. ಸಾಲಿನಲ್ಲಿ ಎಲ್ಲರೆದುರು ‘ಎಂತ ತೊಂದರೆ?’ ಎಂದು ಜೋರಾಗಿ ಕೇಳಿದರೆ ಬಿಳಿ ಸೆರಗಿನ ವಿಷಯ ಯಾವ ಹುಡುಗಿ ಹೇಳಿಯಾಳು? ‘ಸ್ನೇಹಾ ಕ್ಲಿನಿಕ್‌ಗೆ’ ಅಂದರೆ ಸಾಕು ಎಂದು ಮಕ್ಕಳಿಗೆ ಕಲಿಸಿ ಕಳಿಸಿ. ಬೆಳಗಿನ ಓಪಿಡಿ ಹೊತ್ತಿನಲ್ಲೇ ಕೋಣೆ ತೆರೆದರೆ ಶಾಲೆ ತಪ್ಪಿಸಿ ಬರಬೇಕಾಗುತ್ತದೆ. ವಾರಕ್ಕೆರಡು ದಿನವಾದರೂ ಸಂಜೆ ತೆರೆದಿರಬೇಕು.

ದೊಡ್ಡ ಕೊರತೆ ಇನ್ನೊಂದು. ಶಾಲೆ ಬಿಟ್ಟ ಹುಡುಗಿಗೆ ನೀಲಿ ಮಾತ್ರೆ ಅಂಗನವಾಡಿಯಲ್ಲಿ ಸಿಗುತ್ತದೆ. ಶಾಲೆ ಬಿಟ್ಟು ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ 16ರ ಹುಡುಗನಿಗೆ ಆ ದಾರಿಯೂ ಇಲ್ಲ. ಅವನಿಗೆ ಕ್ಲಿನಿಕ್ ಒಂದೇ ಗತಿ, ಯಾರಾದರೂ ಕರೆದುಕೊಂಡು ಹೋಗಬೇಕು. ರಾತ್ರಿ ಹೊತ್ತು ಮನಸ್ಸು ಕುಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲಿ. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.