ಮಾಡು ಕೊರೆದು ರಂಗಕ್ಕೆ ಬಂದ ಹಕ್ಕಿ

ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಾದ ದಾವಣಗೆರೆಯಲ್ಲಿ ಹಾಸ್ಯಪಾತ್ರಗಳನ್ನು ಮಾಡಿಕೊಂಡೇ ವಯಸ್ಸು ಕಳೆದವನು ನಾನು. ಹಾಸ್ಯಗಾರನ ಪ್ರವೇಶ ಹೇಗಿರಬೇಕು ಎಂದು ಯಾರಾದರೂ ಹುಡುಗರು ಕೇಳಿದರೆ ಈಗ ‘ನಾಕ್ ನಾಕ್’ ನೋಡಿ ಎನ್ನುತ್ತೇನೆ. ಅಮೆರಿಕದ ಕಾರ್ಟೂನ್ ನಿರ್ಮಾಪಕ ವಾಲ್ಟರ್ ಲಾಂಟ್ಜ್ 1940ರಲ್ಲಿ ತೆರೆಗೆ ತಂದ ಈ ಕಾರ್ಟೂನಿನಲ್ಲೇ ವುಡಿ ವುಡ್‌ಪೆಕರ್ ಎಂಬ ಮಾತನಾಡುವ ಮರಕುಟಿಗ ಮೊದಲ ಸಲ ಕಾಣಿಸಿಕೊಂಡದ್ದು.

ಚಿತ್ರ ಅವನದಲ್ಲ. ಆ್ಯಂಡಿ ಪಾಂಡಾ ಎಂಬ ಮರಿಯದು. ಹಕ್ಕಿಯ ಬಾಲಕ್ಕೆ ಉಪ್ಪು ಹಾಕಿದರೆ ಅದು ಸಿಗುತ್ತದೆಯೇ ಎಂದು ಮರಿ ಅಪ್ಪನನ್ನು ಕೇಳುತ್ತದೆ, ಅಪ್ಪ ಒಪ್ಪುವುದಿಲ್ಲ. ಅಷ್ಟರಲ್ಲಿ ಟಕಟಕ ಬಡಿತ. ಮನೆಯ ಮಾಡು ತೂತಾಗಿ ಅಲ್ಲಿಂದ ತಲೆ ತೂರಿಸಿದ ಹಕ್ಕಿ, ‘ಯಾರು ಬಂದದ್ದು ಹೇಳಿ?’ ಎಂದು ಕೇಳಿ ನಗುತ್ತದೆ. ಮೊದಲು ಸದ್ದು, ಆಮೇಲೆ ಮುಖ, ಕೊನೆಗೆ ನಗು. ಸೈಡ್ ವಿಂಗಿನಲ್ಲಿ ಕೆಮ್ಮಿ, ಜನ ಆ ಕಡೆ ಕತ್ತು ತಿರುಗಿಸಿದ ಮೇಲಷ್ಟೇ ಒಳಗೆ ಕಾಲಿಡಬೇಕೆಂದು ನಮಗೆ ಹಿರಿಯರು ಕಲಿಸಿದ್ದೂ ಇದನ್ನೇ.

ಆ ಧ್ವನಿ ಕಂಠದಾನ ನಟ ಮೆಲ್ ಬ್ಲಾಂಕ್ ಅವರದು. ಆ ನಗುವಿನಲ್ಲಿ ಏರಿಳಿತವಿದೆ, ಲಯವಿದೆ, ಎದುರಿಗಿದ್ದವನನ್ನು ಕೆಣಕುವ ಧೈರ್ಯವಿದೆ. ಮೊದಲ ಕೆಲವು ಚಿತ್ರಗಳ ನಂತರ ಅವರು ವುಡಿಯ ಪಾತ್ರ ಬಿಟ್ಟರು. ಆದರೂ ಅವರ ನಗುವನ್ನು ಸ್ಟುಡಿಯೋ ಮುಂದೆಯೂ ಬಳಸಿತು. ನಟ ಹೋದರೂ ನಗುವನ್ನು ಉಳಿಸಿಕೊಂಡರೆಂದರೆ ಅದರ ಬೆಲೆ ಎಷ್ಟಿರಬೇಕು!

ಇಲ್ಲಿನ ವುಡಿ ಆಮೇಲಿನ ಚಿತ್ರಗಳ ಮುದ್ದು ಹಕ್ಕಿಯಲ್ಲ. ಉಬ್ಬು ಹಲ್ಲು, ದಪ್ಪ ಕಾಲು, ಕಣ್ಣಿಗೆ ಹೊಡೆಯುವ ಬಣ್ಣ. ನನಗೆ ಈ ಕುರೂಪಿಯೇ ಇಷ್ಟ. ಉಪದ್ರವ ಕೊಡುವವನು ಉಪದ್ರವ ಕೊಡುವವನ ಹಾಗೆಯೇ ಕಾಣಬೇಕು. ಅವನ ಚೆಲ್ಲಾಟಕ್ಕೆ ಕಾರಣವನ್ನೂ ಯಾರೂ ಹೇಳುವುದಿಲ್ಲ. ಬರುತ್ತಾನೆ, ಮನೆ ಕೊರೆಯುತ್ತಾನೆ, ಅಪ್ಪ ಪಾಂಡಾನ ತಾಳ್ಮೆಯನ್ನೂ ಕೊರೆಯುತ್ತಾನೆ. ಸಣ್ಣ ಪಾತ್ರಕ್ಕೆಂದು ಬಂದು ನಾಯಕನ ಚಪ್ಪಾಳೆಯನ್ನೆಲ್ಲ ಬಾಚಿಕೊಂಡ ಈತನಿಗೆ 1941ರಲ್ಲಿ ತನ್ನದೇ ಹೆಸರಿನ ಸರಣಿ ಸಿಕ್ಕಿತು. ಸಿಗಲೇಬೇಕಾಗಿತ್ತು.

ಕೊನೆ ಮಾತ್ರ ನನಗೆ ಒಗ್ಗಲಿಲ್ಲ. ಉಪ್ಪಿನಿಂದಲೇ ಹಕ್ಕಿ ಸಿಕ್ಕಿಬೀಳುವುದು ಸರಿಯಾದ ಮುಕ್ತಾಯ. ಅಪ್ಪನ ಮಾತು ಸುಳ್ಳಾಗಿ ಮರಿ ಗೆಲ್ಲುತ್ತದೆ. ಅಲ್ಲಿಗೆ ಪರದೆ ಬೀಳಬೇಕಿತ್ತು. ಆದರೆ ಹುಚ್ಚಾಸ್ಪತ್ರೆಯ ಸಿಬ್ಬಂದಿಯನ್ನು ಕರೆತಂದು ಅವರನ್ನೂ ಹುಚ್ಚರನ್ನಾಗಿ ತೋರಿಸುತ್ತಾರೆ. ನಮ್ಮ ಕಂಪನಿ ನಾಟಕಗಳಲ್ಲೂ ಹುಚ್ಚನ ಪಾತ್ರದಿಂದ ಸುಲಭದ ನಗು ಗಿಟ್ಟಿಸುತ್ತಿದ್ದರು. ಆ ಕಾಯಿಲೆ ಇರುವವರ ಮನೆಯವರೂ ಎದುರಿನ ಕುರ್ಚಿಯಲ್ಲಿ ಕುಳಿತಿರುತ್ತಾರೆ ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬರುವ ಮಕ್ಕಳಿಗೆ ಇದರ ಇಂಗ್ಲಿಷ್ ತಿಳಿಯದು. ಆದರೂ ನಗಬೇಕಾದ ಜಾಗದಲ್ಲೆಲ್ಲ ನಗುತ್ತಾರೆ. ತೋರಿಸುವವರು ದಯವಿಟ್ಟು ಮೂಲ ಧ್ವನಿಯಿರುವ ಪ್ರತಿಯನ್ನೇ ಹುಡುಕಿ, ಸಾಧ್ಯವಾದರೆ ಟಿವಿಗೆ ಜೋಡಿಸಿ ತೋರಿಸಿ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಆ ನಗು ಬರಿಯ ಕಿರುಚಾಟವಾಗಿಬಿಡುತ್ತದೆ.