ಪಾರ್ಶ್ವವಾಯುವಿನ ನಂತರದ ಬದುಕು: ಹಾಸನದ ಒಂದು ಪುನಶ್ಚೇತನ ಕೇಂದ್ರದ ಸೇವೆ ಕುರಿತು

ಮೆದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡು ಬಲಗೈ, ಬಲಗಾಲು, ಮಾತು ಮೂರೂ ಸೋತಿದ್ದ ನಮ್ಮ ತಂದೆಯವರನ್ನು, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಹಾಸನದ ಒಂದು ಖಾಸಗಿ ಪುನಶ್ಚೇತನ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದೇವೆ. ಅಲ್ಲಿನ ಫಿಸಿಯೋಥೆರಪಿಸ್ಟ್ ಮೊದಲು ವಿಚಾರಿಸಿದ್ದು ನಮ್ಮ ಮನೆಯ ಬಗ್ಗೆ: ಬಚ್ಚಲಿಗೆ ಎಷ್ಟು ಮೆಟ್ಟಿಲು, ಶೌಚಾಲಯ ಯಾವ ಬಗೆಯದು, ಹೊಸ್ತಿಲು ಎಷ್ಟು ಎತ್ತರ. ಊಟ, ಸ್ನಾನ, ಬಟ್ಟೆ ತೊಡುವುದು, ಹಾಸಿಗೆಯಿಂದ ಏಳುವುದು ಮೊದಲಾದ 10 ನಿತ್ಯಕರ್ಮಗಳಿಗೆ 100ರವರೆಗೆ ಅಂಕ ಕೊಡುವ ಬಾರ್ಥೆಲ್ ಸೂಚ್ಯಂಕವನ್ನು ಅಂದೇ ಭರ್ತಿ ಮಾಡಿಕೊಂಡರು. ಕೇಂದ್ರದ ಮೇಲೆ ನನಗೆ ನಂಬಿಕೆ ಮೂಡಿದ್ದು ಅಲ್ಲಿಂದಲೇ.

ತಂದೆಯವರ ಬಯಕೆ ಮುದ್ದೆಯನ್ನು ತಮ್ಮ ಕೈಯಿಂದಲೇ ಮುರಿದು ತಿನ್ನುವುದು. ನುಂಗಲು ತೊಂದರೆಯಿಲ್ಲವೆಂದು ಆಸ್ಪತ್ರೆಯಲ್ಲೇ ಪರೀಕ್ಷಿಸಿದ್ದರಿಂದ, ಮನೆಯ ತಟ್ಟೆಯನ್ನೇ ತರಿಸಿ, ಮೆತ್ತನೆಯ ಹಿಟ್ಟಿನುಂಡೆಯನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಹಿಡಿದು ಚೂರು ಮುರಿದು ಪಕ್ಕದ ಬಟ್ಟಲಿಗೆ ಹಾಕುವುದನ್ನು ಮತ್ತೆ ಮತ್ತೆ ಮಾಡಿಸಿದರು. ಮೆದುಳಿನಲ್ಲಿ ಉಳಿದ ಭಾಗಗಳು ಕಳೆದುಹೋದ ಕೆಲಸವನ್ನು ಕಲಿಯುವುದು ಇಂಥ ಪುನರಾವರ್ತನೆಯಿಂದಲೇ. ಮೊದಲ 3ರಿಂದ 6 ತಿಂಗಳಲ್ಲಿ ಚೇತರಿಕೆ ಹೆಚ್ಚು ಚುರುಕಾಗಿರುತ್ತದೆ, ಆದರೆ ಆಮೇಲೂ ಅದು ನಿಂತುಹೋಗುವುದಿಲ್ಲ. ಈಗ ಅವರು ಅರ್ಧ ಮುದ್ದೆಯನ್ನು ಬಲಗೈಯಲ್ಲೇ ಉಣ್ಣುತ್ತಾರೆ.

ಮನೆಯವರಿಗೂ ಅಲ್ಲಿ ಕಲಿಸುತ್ತಾರೆ. ‘ಅಮ್ಮಾ, ಕೈ ಹಿಡಿದು ಎಳೀಬೇಡಿ, ಸೊಂಟದ ಪಟ್ಟಿ ಹಿಡೀರಿ’ ಎಂದು ನಮ್ಮ ತಾಯಿಗೆ ತೋರಿಸಿಕೊಟ್ಟರು; ಸೋತ ಭುಜದ ಕೀಲು ಸಡಿಲವಾಗಿರುವುದರಿಂದ ಎಳೆದರೆ ನೋವು ಅಂಟಿಕೊಳ್ಳುತ್ತದೆ. ನಡೆಯುವಾಗ ಹಠಾತ್ತನೆ ಕಾಲು ಕೀಳಲಾಗದೆ ನಿಂತುಬಿಡುವ ಪಾರ್ಕಿನ್ಸನ್ ರೋಗಿಗಳಿಗಾಗಿ ನೆಲದ ಮೇಲೆ ಅಡ್ಡಲಾಗಿ ಹಳದಿ ಪಟ್ಟಿಗಳನ್ನು ಅಂಟಿಸಿದ್ದಾರೆ. ಅವನ್ನು ದಾಟುವ ಲಕ್ಷ್ಯದಲ್ಲಿ ಹೆಜ್ಜೆ ಏಳುತ್ತದೆ.

ಕೊರತೆ ಇರುವುದು ಮನಸ್ಸು ಮತ್ತು ಮಾತಿನ ವಿಷಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಜೀವನ ಗುಣಮಟ್ಟದ ಪಟ್ಟಿ ದೇಹದ ಜೊತೆಗೆ ಮನಸ್ಸು, ಸಂಬಂಧ, ಪರಿಸರಗಳನ್ನೂ ಕೇಳುತ್ತದೆ. ಇಲ್ಲಿ ಅವನ್ನು ಯಾರೂ ಕೇಳಲಿಲ್ಲ. ಪಾರ್ಶ್ವವಾಯು ಪೀಡಿತರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಖಿನ್ನತೆ ಕಾಡುತ್ತದೆ. ನೆಂಟರು ಬಂದಾಗ ತಂದೆಯವರು ಗೋಡೆಯತ್ತ ಮುಖ ಮಾಡಿ ಮಲಗುತ್ತಿದ್ದುದನ್ನು ನಾವೇ ನರರೋಗ ತಜ್ಞರ ಗಮನಕ್ಕೆ ತಂದ ಮೇಲಷ್ಟೇ ಅದಕ್ಕೆ ಚಿಕಿತ್ಸೆ ಶುರುವಾಯಿತು. ನಡಿಗೆಯ ಅಂಕ ಏರಿದ್ದಕ್ಕೆ ಸಂತೋಷಪಡುತ್ತಿದ್ದ ಹೊತ್ತಿನಲ್ಲೇ ಅವರು ಒಳಗೆ ಕುಗ್ಗುತ್ತಿದ್ದರೆಂಬುದು ನನಗೆ ಬಹಳ ನೋವು ತಂದಿದೆ. ವಾಕ್ ಚಿಕಿತ್ಸಕರೂ ಅಲ್ಲಿಲ್ಲ. ಅದಕ್ಕಾಗಿ ಹೊಳೆನರಸೀಪುರದ ದಾರಿಯಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತೇವೆ. ಪ್ರವೇಶದ ಇಳಿಜಾರು ಕಡಿದಾಗಿದ್ದು, ಗಾಲಿಕುರ್ಚಿ ತಳ್ಳಲು ಇಬ್ಬರು ಬೇಕು.

ಆಲೂರು, ಅರಕಲಗೂಡು ಕಡೆಯವರು ಕೈಕಾಲಿನ ಚಿಕಿತ್ಸೆಗೆ ಇಂಥ ಕೇಂದ್ರವನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಸೇರುವ ಮುನ್ನ ವಾಕ್ ಚಿಕಿತ್ಸಕರೂ ಮನೋವೈದ್ಯರೂ ವಾರದಲ್ಲಿ ಒಂದು ದಿನವಾದರೂ ಬರುತ್ತಾರೆಯೇ ಎಂದು ವಿಚಾರಿಸಿ; ಇಲ್ಲವೆಂದರೆ ಆ ಎರಡಕ್ಕೂ ಮೊದಲ ವಾರದಲ್ಲೇ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.