ಗೋಧಿ ಬಿಡಿಸಿದೆವು, ಹಾಲು ಬಿಡಿಸಿದೆವು, ಎರಡನ್ನೂ ಮರಳಿ ತಂದೆವು

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯಲ್ಲಿ ಗೆದ್ದದ್ದು ಏನನ್ನೂ ಪೂರ್ತಿ ಬಿಡಿಸದ ದಾರಿ. ಆಟಿಸಂ ಇರುವ ಹದಿನೈದು ವರ್ಷದ ಮಗನಿಗೆ ಮೂರು ಥರ ಊಟ ಕೊಟ್ಟು ನೋಡಿದ್ದೇವೆ. ಗೋಧಿಯ ಗ್ಲುಟೆನ್, ಹಾಲಿನ ಕೇಸಿನ್ ಎಂಬ ಪ್ರೋಟೀನುಗಳೆರಡೂ ಇಲ್ಲದ ಪಥ್ಯ, ಅಂದರೆ ಅಪ್ಪ-ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜಿಎಫ್‌ಸಿಎಫ್ ಎಂದು ಓಡಾಡುವುದು, ಮೊದಲನೆಯದು. ಆಮೇಲೆ ಹಾಲು ಮಾತ್ರ ಬಂದ್. ಕೊನೆಗೆ, ಡಯಟೀಶಿಯನ್ ಹೇಳಿದಂತೆ ಅವನು ತಿನ್ನುವುದನ್ನು ತಟ್ಟೆಯಲ್ಲೇ ಉಳಿಸಿ ಮಲಬದ್ಧತೆಗೆ ಮದ್ದು ಮಾಡುವುದು.

ಎರಡನ್ನೂ ಬಿಡಿಸುವವರ ವಾದ ಕೇಳಲು ಚೆನ್ನಾಗಿದೆ. ಅರ್ಧಂಬರ್ಧ ಜೀರ್ಣವಾದ ಪ್ರೋಟೀನಿನ ತುಣುಕುಗಳು ಕರುಳಿನಿಂದ ರಕ್ತಕ್ಕೆ ಸೇರಿ ಮಿದುಳಿನಲ್ಲಿ ಅಫೀಮಿನ ಕೆಲಸ ಮಾಡುತ್ತವಂತೆ. 1979ರಲ್ಲಿ ನರವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್ ಮುಂದಿಟ್ಟ ಅಫೀಮು ಊಹೆಯ ಬೆನ್ನಿಗೇ ಬೆಳೆದ ಮಾತು ಇದು. ಗುಂಪಿನಲ್ಲಿ ಯಾರೋ "ಮೂರೇ ವಾರಕ್ಕೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದ" ಅಂತ ಬರೆದಾಗ ಯಾವ ಹೆತ್ತವರ ಕೈ ಸುಮ್ಮನಿರುತ್ತದೆ?

ನಮಗಿದು ಸಲೀಸು ಅಂದವರೇ ಎಲ್ಲ. ವಿಜಯಪುರದ ಕಡೆಯವರು, ಜೋಳದ ರೊಟ್ಟಿಯ ಮನೆ, ಪುಣೆಯಲ್ಲಿ ಮಾಲದಂಡಿ ಜೋಳ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಜೋಳಕ್ಕೆ ಬರವಿಲ್ಲ ನಿಜ. ತೊಡಕಾದದ್ದು ಗಿರಣಿ.

ಸಿಂಹಗಡ ರಸ್ತೆಯ ನಮ್ಮ ಓಣಿಯ ಗಿರಣಿಯಲ್ಲಿರುವುದು ಒಂದೇ ಕಲ್ಲು. ಬೆಳಗಿನಿಂದ ಗೋಧಿ ಬೀಸಿ, ಅದರ ಮೇಲೇ ಜೋಳ ಹಾಕುತ್ತಾರೆ. ನಮ್ಮ ಡಬ್ಬಿಗೆ ಮೊದಲು ಬೀಳುವುದು ಹಿಂದಿನವರ ಗೋಧಿ ಹಿಟ್ಟು. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಗ್ಲುಟೆನ್ ಇಲ್ಲದ್ದು ಎನ್ನಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟುವಂತಿಲ್ಲ. ಇಲ್ಲಿ ಬೀಳುತ್ತಿದ್ದದ್ದು ಮುಷ್ಟಿಗಟ್ಟಲೆ. "ಕಾಕಾ, ಬಾಗಿಲು ತೆಗೆದ ಕೂಡಲೇ ನಮ್ಮದು ಹಾಕ್ರಿ" ಅಂದರೆ, ನಿನ್ನೆ ರಾತ್ರಿಯ ಕೊನೆಯ ಹಿಟ್ಟು ಗೋಧಿಯದೇ. ಮೊದಲು ಒಂದು ಕಿಲೋ ಜೋಳ ಬೀಸಿ ಅದನ್ನು ಬೇರೆಯವರಿಗೆ ಕೊಟ್ಟುಬಿಡಿ ಅಂದೆ. ಕಾಕಾ ನನ್ನ ಮುಖವನ್ನೇ ನೋಡಿದರು.

ಹಾಗಾಗಿ ಗ್ಲುಟೆನ್ ಇಲ್ಲ ಎಂದು ಅಚ್ಚು ಹಾಕಿದ ಜೋಳದ ಹಿಟ್ಟಿನ ಪ್ಯಾಕೆಟ್ ತಂದೆ. ರೊಟ್ಟಿ ಬಡಿಯುವವರಿಗೆ ಮುಂದಿನದು ಗೊತ್ತೇ ಇದೆ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ. ಎಷ್ಟೇ ಕುದಿನೀರು ಹಾಕಿ ನಾದಿದರೂ ಅಂಚು ಸೀಳುತ್ತದೆ, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಹರಿಯುತ್ತದೆ. ಬೇರೆ ಮನೆಯಲ್ಲಾದರೆ ಹರಿದ ರೊಟ್ಟಿಯನ್ನು ಮುರಿದು ತಿಂದು ಏಳುತ್ತಾರೆ. ನನ್ನ ಮಗನಿಗೆ ರೊಟ್ಟಿಯಾಗಲಿ ಚಪಾತಿಯಾಗಲಿ ದುಂಡಗಿರಬೇಕು, ಇಡಿಯಾಗಿರಬೇಕು. ಸೀಳಿದ್ದನ್ನು ಅವನು ತಟ್ಟೆಯ ಹೊರಗೆ ಇಡುತ್ತಾನೆ. ಸಿಟ್ಟಿನಿಂದಲ್ಲ, ಅದು ಅವನ ಲೆಕ್ಕದಲ್ಲಿ ಊಟದ ವಸ್ತುವೇ ಅಲ್ಲ. ಮೊದಲೇ ಅವನು ತಿನ್ನುತ್ತಿದ್ದ ಪದಾರ್ಥಗಳನ್ನು ಬೆರಳಲ್ಲಿ ಎಣಿಸಬಹುದಿತ್ತು: ಚಪಾತಿ, ಮೊಸರನ್ನ, ಬಾಳೆಹಣ್ಣು, ಪಾರ್ಲೆ-ಜಿ, ಮ್ಯಾಗಿ, ಹಾಲು. ಪಥ್ಯದ ಪಟ್ಟಿಯಿಂದ ಪಾರಾದದ್ದು ಬಾಳೆಹಣ್ಣು, ಮತ್ತು ಮೊಸರಿಲ್ಲದ ಅನ್ನ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಶಾಲೆಯ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಮನೆಯಲ್ಲೇ ಬೀಸುವ ಘರಘಂಟಿ ತಂದರೆ ಈ ತಂಟೆ ಇಲ್ಲ. ಬೆಲೆ ಕೇಳಿ ಬಂದೆ. ಆ ದುಡ್ಡಿಗೆ ಅವನ ಆಕ್ಯುಪೇಶನಲ್ ಥೆರಪಿ ಎಷ್ಟೋ ತಿಂಗಳು ನಡೆಯುತ್ತದೆ.

ಇಂಗಿನದು ಇನ್ನೊಂದು. ಡಬ್ಬಿಯ ಬಂಧಾನಿ ಇಂಗಿಗೆ ಬಹಳ ಕಡೆ ಗೋಧಿ ಹಿಟ್ಟನ್ನೇ ಬೆರೆಸುತ್ತಾರೆ. ಅವ್ವನಿಗೆ ಹೇಳಿದ್ದಕ್ಕೆ "ಹಂಗಾರ ಇನ್ನ ಬರೇ ನೀರ ಕುಡಸ್ರಿ" ಅಂದು ಅಡುಗೆಮನೆಯಿಂದ ಎದ್ದು ಹೋದಳು.

ಹದಿಹರೆಯದವನಿಗೆ ಪಥ್ಯ ಮಾಡಿಸುವುದು ಮೂರು ವರ್ಷದ ಕೂಸಿಗೆ ಮಾಡಿಸಿದಂತಲ್ಲ. ಅವನ ಜೇಬಿನಲ್ಲಿ ದುಡ್ಡಿರುತ್ತದೆ, ಶಾಲೆಯ ಗೇಟಿನಲ್ಲಿ ವಡಾಪಾವ್ ಗಾಡಿ ಇರುತ್ತದೆ. ವಡೆ ಕಡಲೆಹಿಟ್ಟಿನದು, ಅದನ್ನಷ್ಟೇ ತಿನ್ನು ಅಂದರೆ "ಪಾವ್ ಪಾಯ್ಜೆ" (ಪಾವ್ ಬೇಕು) ಎಂದು ಮರಾಠಿಯಲ್ಲಿ ಉತ್ತರ. ಅವನಾಗಿ ಕೇಳಿ ಪಡೆಯುವ ನಾಲ್ಕು ವಸ್ತುಗಳಲ್ಲಿ ಅದೂ ಒಂದು. ಅದನ್ನು ಕಿತ್ತುಕೊಂಡು ಮಾತು ಕಲಿಸುತ್ತೇವೆ ಅನ್ನುವುದು ನನಗೆ ಸರಿಬರಲಿಲ್ಲ.

ಫಲ? ಪಥ್ಯದ ಸಂಗತಿಯನ್ನು ಥೆರಪಿ ಟೀಚರಿಗೆ ಬೇಕೆಂದೇ ತಿಳಿಸಿರಲಿಲ್ಲ. ನಿದ್ದೆ, ಕೈ ಬಡಿಯುವುದು, ಕೂತು ಮಾಡುವ ಕೆಲಸ, ಅವರ ವಹಿಯಲ್ಲಿ ಎಲ್ಲ ಹಿಂದಿನಂತೆಯೇ. ಮನೆಯಲ್ಲಿ ನಮಗೆ ಮಾತ್ರ "ಸ್ವಲ್ಪ ಶಾಂತ ಆಗ್ಯಾನ" ಅನಿಸುತ್ತಿತ್ತು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ. ಪಥ್ಯದಲ್ಲಿದ್ದ 14 ಮಕ್ಕಳಿಗೆ ಗ್ಲುಟೆನ್, ಕೇಸಿನ್ ಬೆರೆತ ತಿಂಡಿಯನ್ನು ಮನೆಯವರಿಗೂ ತಿಳಿಯದಂತೆ ಕೊಟ್ಟರು; ವರ್ತನೆಯಲ್ಲಾಗಲಿ ನಿದ್ದೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಆಟಿಸಂನ ಮೂಲ ಲಕ್ಷಣಗಳಿಗೆ ಇಂಥ ಪಥ್ಯ ಬೇಡ ಎಂದಿದೆ.

ಹಾಲು ಮಾತ್ರ ಬಿಡಿಸಿದಾಗ ಒಂದು ಬದಲಾವಣೆ ನಿಜಕ್ಕೂ ಕಂಡಿತು: ಮಲಬದ್ಧತೆ ಸಡಿಲಾಯಿತು, ಸಂಜೆಯ ರಂಪ ಇಳಿಯಿತು. ಬದಲಿಗೆ ತಂದ ಬಾದಾಮಿ ಹಾಲು ಚೊಂಬುಗಟ್ಟಲೆ ಕುಡಿಯುವವನಿಗೆ ಒದಗಿಸುವ ಬೆಲೆಯದಲ್ಲ. ಕ್ಯಾಲ್ಸಿಯಂ ಇನ್ನೊಂದು ಚಿಂತೆ. ಈ ವಯಸ್ಸಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು. ರಾಗಿಯಲ್ಲಿ 100 ಗ್ರಾಂಗೆ 350ರ ಆಸುಪಾಸು ಇದೆ ನಿಜ, ಆದರೆ ಅದರ ಬಣ್ಣ ನೋಡಿಯೇ ಮಗ ಬಾಯಿ ಮುಚ್ಚಿದ. ಅಮೆರಿಕದಲ್ಲಿ ಆಟಿಸಂ ಇರುವ ಹುಡುಗರ ಮೂಳೆಯ ಹೊರಪದರವನ್ನು ಅಳೆದ 2008ರ ಅಧ್ಯಯನದಲ್ಲಿ ಅದು ಹೆಚ್ಚು ತೆಳುವಾಗಿದ್ದದ್ದು ಹಾಲು ಬಿಟ್ಟವರದ್ದೇ.

ಡಯಟೀಶಿಯನ್ ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಹಾಲು ಎಷ್ಟು?" ಲೀಟರಿನ ಮೇಲೆ ಎಂದೆವು. ಪೂರ್ತಿ ನಿಲ್ಲಿಸಬೇಡಿ, ಎರಡು ಲೋಟಕ್ಕೆ ಇಳಿಸಿ ಅಂದರು. ಮಕ್ಕಳ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಮಲ ಗಟ್ಟಿಕಟ್ಟಿದೆ ಎಂದು ಮಲ ಮೆದುವಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಬರೆದುಕೊಟ್ಟರು. ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಆಗ ಹತ್ತು ನಿಮಿಷ ಸಂಡಾಸಿನಲ್ಲಿ ಕೂರಿಸಿ ಎಂಬುದೂ ಅವರ ಸಲಹೆಯೇ. ಹೊಟ್ಟೆ ನೋಯುತ್ತಿದೆ ಎಂದು ಹೇಳಲಾಗದ ಹುಡುಗ ತಲೆ ಚಚ್ಚಿಕೊಂಡರೆ ನಾವದನ್ನು ಆಟಿಸಂನ ಖಾತೆಗೆ ಬರೆಯುತ್ತಿದ್ದೆವು. ಪುಡಿ ಶುರುವಾಗಿ ವಾರಗಳಲ್ಲಿ ಅದು ಬಹಳ ಕಮ್ಮಿಯಾಯಿತು. ಹಾಲು ಬಿಡಿಸಿದಾಗ ಸಿಕ್ಕ ಲಾಭವೂ ಇದೇ ಇರಬೇಕು, ಖರ್ಚು ಮಾತ್ರ ಬೇರೆ.

ಹೊಸ ತಿನಿಸಿಗೂ ಡಯಟೀಶಿಯನ್ ಹೇಳಿದ್ದು ನಿಧಾನದ ದಾರಿ. ಚಪಾತಿ ಹಿಟ್ಟಿಗೆ ಒಂದು ಚಮಚ ಜೋಳದ ಹಿಟ್ಟು, ಅವನು ಒಪ್ಪಿದ ಮೇಲೆ ಎರಡು. ಆಕಾರ ದುಂಡಗೇ ಉಳಿಯುತ್ತದೆ. ಪಥ್ಯದಲ್ಲಿ ಹೊಟ್ಟೆಗೆ ಇಳಿಯದ ಜೋಳ ಹೀಗೆ ಗೋಧಿಯ ಜೊತೆಗೇ ಇಳಿಯುತ್ತಿದೆ. ಕಾಕಾನ ಗಿರಣಿಯ ಹಿಟ್ಟೇ.

ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಅಡುಗೆ ಅವ್ವನ ಕೈಲಿದೆ, ಬಜೆಟ್ಟಿಗೆ ಮಿತಿ ಇದೆ. ಹಾಗಾಗಿ ಮೂರನೆಯದೇ ನಮ್ಮದು. ನಿಮ್ಮ ಮಗುವಿಗೆ ಗ್ಲುಟೆನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯೋ ಹಾಲಿನ ಅಲರ್ಜಿಯೋ ಇದ್ದರೆ ಮಾತೇ ಬೇರೆ, ಅಲ್ಲಿ ಬಿಡಿಸಲೇಬೇಕು. ಆದರೆ ಸೀಲಿಯಾಕ್‌ನ ಟಿಟಿಜಿ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಿ; ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಇದೆ ಎಂದು ಬಂದರೆ, ಮೊದಲು ಘರಘಂಟಿ ಕೊಳ್ಳಿ.